ಇಪ್ಪತ್ತೈದರ ಮೇಲೆ ಐದು

ನನ್ನ ತಂಗಿಯ ಅಂಗಡಿಗೆ ಬಾಗಿಲಿಲ್ಲ. ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ, ಅದರ ಫೋಟೋವನ್ನು ತನ್ನ ವೆಬ್‌ಸೈಟಿಗೆ ಹಾಕಿ, ಕೇಳಿದವರಿಗೆ ಕೊರಿಯರಿನಲ್ಲಿ ಕಳಿಸುತ್ತಾಳೆ. ಅವಳು ಮೂಡುಬಿದಿರೆಯಲ್ಲಿ ಕಾಲೇಜು ಓದಿದವಳು, ಈಗ ಅಲ್ಲಿಯೇ ಮಧ್ಯಾಹ್ನದವರೆಗೆ ಕಂಪ್ಯೂಟರ್ ಕಲಿಸುತ್ತಾಳೆ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಹಪ್ಪಳದ ಹದವೆಲ್ಲ ಅವಳದು. ಅವಳು ಬಸ್ಸು ಹತ್ತಿದ ಮೇಲೆ ಪೆಟ್ಟಿಗೆ ತುಂಬಿಸಿ, ಟೇಪು ಹಚ್ಚಿ, ಕೊರಿಯರಿನವರಿಗೆ ಕೊಡುವುದು ನನ್ನ ಕೆಲಸ.

ತುಂಬಿಸುವ ಕ್ರಮವನ್ನು ಅವಳು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಇಪ್ಪತ್ತೈದು ಹಪ್ಪಳ, ಐದೈದಕ್ಕೆ ಒಂದು ಹಾಳೆ, ಮೇಲೆ ಮುದುಡಿದ ಕಾಗದ. ಪೆಟ್ಟಿಗೆ ಅಲ್ಲಾಡಿಸಿದರೆ ಸದ್ದು ಬರಬಾರದು, ಮುಚ್ಚಳ ಹಪ್ಪಳವನ್ನು ಒತ್ತಬಾರದು. ಫೋಟೋ ಬೆಳಗಿನ ಬೆಳಕಿನಲ್ಲೇ ತೆಗೆಯಬೇಕು, ಯಾರಾದರೂ ದೂರಿದರೆ ಆ ದಿನವೇ ಉತ್ತರ ಕೊಡಬೇಕು ಎಂಬುದೆಲ್ಲ ಅವಳು ತಪ್ಪು ಮಾಡಿ ಮಾಡಿ ಕಲಿತದ್ದು.

ಕಟ್ಟಿದ ಬೀಡಿಯನ್ನು ಲೆಕ್ಕ ಹಾಕಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿಗೆ ಸಾವಿರ ಬೀಡಿ ಕೊಡಬೇಕಾದವಳು ಸಾವಿರವನ್ನೇ ಎಣಿಸಿ ಒಯ್ಯುವುದಿಲ್ಲ. ಸರಿಯಿಲ್ಲ ಎಂದು ಅವರು ಒಂದಷ್ಟು ಆರಿಸಿ ತೆಗೆದೇ ತೆಗೆಯುತ್ತಾರೆ. ಅದಕ್ಕೆ ಮೊದಲೇ ಹೆಚ್ಚು ಕಟ್ಟಿರುತ್ತೇವೆ. ವರ್ಷಗಟ್ಟಲೆ ಹಾಗೆ ಮಾಡಿದ ನನಗೆ, ಲೆಕ್ಕಕ್ಕೆ ಸರಿಯಾಗಿ ಕೊಟ್ಟರೆ ಕಡಿಮೆ ಕೊಟ್ಟ ಹಾಗೆಯೇ ಅನಿಸುತ್ತದೆ. ಇಪ್ಪತ್ತೈದರಲ್ಲಿ ಒಂದೆರಡು ಮುರಿದರೆ ತಂಗಿಯ ಹೆಸರು ಹಾಳಾದೀತು ಎಂದು ನಾನು ಪ್ರತಿ ಪೆಟ್ಟಿಗೆಗೆ ಐದು ಹಪ್ಪಳ ಹೆಚ್ಚು ಹಾಕಿದೆ. ಜಾಗ ಸಾಲಲಿಲ್ಲ. ಮೇಲಿನ ಕಾಗದ ತೆಗೆದು, ಮುಚ್ಚಳವನ್ನು ಅಂಗೈಯಿಂದ ಒತ್ತಿ ಟೇಪು ಹಚ್ಚಿದೆ.

ಎರಡು ವಾರದಲ್ಲಿ ದೂರುಗಳು ಬರತೊಡಗಿದವು. ಜನ ಚೂರಾದ ಹಪ್ಪಳದ ಫೋಟೋ ಹಾಕಿ ಒಂದೇ ನಕ್ಷತ್ರ ಕೊಡುತ್ತಿದ್ದರು. ಪೆಟ್ಟಿಗೆಗಳು ಬರೆದದ್ದಕ್ಕಿಂತ ಹೆಚ್ಚು ತೂಗುತ್ತಿವೆ ಎಂದು ಕೊರಿಯರಿನವರೂ ಫೋನು ಮಾಡಿದರು.

"ನಿಮ್ಮ ತಕ್ಕಡಿ ಸರಿ ಇಲ್ಲ. ನಮ್ಮ ಹಪ್ಪಳ ಏನು ದಾರಿಯಲ್ಲಿ ಊಟ ಮಾಡಿ ದಪ್ಪ ಆಗ್ತದಾ?" ಎಂದು ತಂಗಿ ಜಗಳವಾಡಿದಳು. ನಾನು ಒಳಗೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡೆ.

ಆ ಸಂಜೆ ಅವಳೊಂದು ಪೆಟ್ಟಿಗೆಯನ್ನು ತಾನೇ ತುಂಬಿಸಿ, ಜಗಲಿಯಿಂದ ಅಂಗಳಕ್ಕೆ ಎರಡು ಸಲ ಬೀಳಿಸಿ, ತೆರೆದು ನೋಡಿದಳು. ಒಂದೂ ಮುರಿದಿರಲಿಲ್ಲ.

"ಅಕ್ಕಾ, ನೀನು ಇಪ್ಪತ್ತೈದೇ ಹಾಕುವುದಲ್ವಾ? ಕಾಗದ ಇಡ್ತಿ ಅಲ್ವಾ?"

"ನನಗೆ ಎಣಿಸ್ಲಿಕ್ಕೆ ಕಲಿಸ್ತೀಯಾ ಮಾರಾಯ್ತಿ? ನೀನು ಹುಟ್ಟುವ ಮೊದಲೇ ನಾನು ಬೀಡಿ ಎಣಿಸಿದವಳು" ಎಂದೆ.

ಅವಳು ನಕ್ಕು, "ಹಾಗಲ್ಲ, ಸುಮ್ಮನೆ ಕೇಳಿದ್ದು" ಎಂದಳು. ಮತ್ತೆ ಕೇಳಲಿಲ್ಲ. ತಪ್ಪು ನನ್ನದೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಶಾಲೆಗೆ ಹೋಗದವಳು ಒಂದು ಪೆಟ್ಟಿಗೆಯನ್ನೂ ನೆಟ್ಟಗೆ ತುಂಬಿಸಲಾರಳು ಎಂದು ಅವಳಿಗೆ ಅನಿಸಬಾರದು ಎಂಬ ಹಟ ನನ್ನ ಬಾಯಿ ಕಟ್ಟಿತು. ಮರುದಿನದಿಂದ ಗುಟ್ಟಾಗಿ ಇಪ್ಪತ್ತೈದನ್ನೇ ಹಾಕಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮೊದಲೇ ಹೋಗಿದ್ದ ಪೆಟ್ಟಿಗೆಗಳ ದೂರು ಬರುತ್ತಲೇ ಇತ್ತು. ನನ್ನ ಮೇಲೆ ಅನುಮಾನ ಪಡಲಾರದವಳು ತನ್ನ ಕೈಯ ಮೇಲೆ ಅನುಮಾನಪಟ್ಟಳು. ಎರಡು ಸಲ ಬಿದ್ದರೆ ತಡೆದರೂ ದಿನಗಟ್ಟಲೆಯ ಕುಲುಕಾಟಕ್ಕೆ ಹಪ್ಪಳ ಅತಿಯಾಗಿ ಒಣಗಿ ಮುರಿಯುತ್ತಿದೆ ಎಂದುಕೊಂಡು ಮುಂದಿನವನ್ನೆಲ್ಲ ಒಂದು ಬಿಸಿಲು ಕಡಿಮೆ ಒಣಗಿಸಿದಳು. ಅಷ್ಟು ಸಾಕಾ ಎಂದು ನನ್ನನ್ನೇ ಕೇಳಿದಳು. ಸಾಕು ಎಂದೆ. ಮಳೆ ಹಿಡಿದು ವಾರವಾಗುವಷ್ಟರಲ್ಲಿ ಡಬ್ಬಿಗಳಲ್ಲಿದ್ದ ಹಪ್ಪಳಕ್ಕೆಲ್ಲ ಬೂಷ್ಟು ಬಂದಿತ್ತು. ಹಲಸಿನ ಕಾಯಿಯೂ ಮುಗಿದಿತ್ತು, ಬಿಸಿಲೂ ಇರಲಿಲ್ಲ. ಆ ವರ್ಷದ ಅಂಗಡಿ ಅಲ್ಲಿಗೆ ನಿಂತಿತು.

ತೆಂಗಿನ ಬುಡದಲ್ಲಿ ಗುಂಡಿ ತೆಗೆದು ನಾವಿಬ್ಬರೂ ಹಪ್ಪಳ ಸುರಿದೆವು. ಅವಳು ಅಳಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ, "ಅಮ್ಮನ ಕೈ ನನಗೆ ಬರಲಿಲ್ಲ ಅಕ್ಕ. ವೆಬ್‌ಸೈಟ್ ಮುಚ್ಚಿಬಿಡುವ" ಎಂದಳು.

ಅಮ್ಮ ತೀರಿಕೊಂಡ ಮೇಲೆ ಆ ಹದವನ್ನು ನೆನಪಿನಿಂದಲೇ ಹಿಡಿದವಳು ಅವಳು. ಬಾಯಿಗಿಟ್ಟರೆ ಅಮ್ಮ ಮಾಡಿದ್ದೇ ಎನ್ನುವ ಹಾಗಿರುತ್ತಿತ್ತು. ಆ ಕೈಯನ್ನೇ ಅವಳು ಸುಳ್ಳು ಎನ್ನುತ್ತಿದ್ದಳು.

"ನಿನ್ನ ಕೈ ಅಲ್ಲ ಕೆಟ್ಟದ್ದು. ಮೂವತ್ತು ತುರುಕಿದ್ದು ನಾನು" ಎಂದೆ.

ಎಲ್ಲ ಹೇಳಿದೆ. ಕಾಗದ ತೆಗೆದದ್ದು, ಒತ್ತಿದ್ದು, ಕೇಳಿದಾಗ ಸುಳ್ಳು ಹೇಳಿದ್ದು, ಬಿಸಿಲು ಸಾಕು ಎಂದದ್ದು. ಅವಳು ಹಾರೆ ಹಿಡಿದು ನಿಂತೇ ಇದ್ದಳು.

"ಐದು ಹೆಚ್ಚು ಹಾಕಿದ್ದಕ್ಕೆ ನಾನು ಬೈತಿರ್ಲಿಲ್ಲ. ಜಗಲಿಯಿಂದ ಬೀಳಿಸಿದ ದಿನ ನನ್ನನ್ನು ನೋಡ್ತಾ ಇದ್ದಿ ನೀನು."

"ಹೌದು."

"ನೋಡಿಯೂ?"

ನಾನು ಬಗ್ಗಿ ಗುಂಡಿಗೆ ಮಣ್ಣು ಎಳೆದೆ. ಆಮೇಲೆ ಮೂರು ದಿನ ಅವಳು ಒಬ್ಬಳೇ ಉಂಡು ಎದ್ದಳು. ಆದರೂ ಕೆಲಸಕ್ಕೆ ಹೊರಡುವ ಮೊದಲು ನನ್ನ ಪಾಲಿನ ಚಹಾವನ್ನು ಮುಚ್ಚಿಟ್ಟು ಹೋಗುತ್ತಿದ್ದಳು. ನಾಲ್ಕನೆಯ ದಿನ ಫೋನು ಹಿಡಿದು ನನ್ನ ಪಕ್ಕ ಕೂತಳು. ದೂರಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಿದ್ದಳು.

"ಏನಂತ ಬರೀಲಿ? ನನ್ನ ಅಕ್ಕನ ಕೈ ಧಾರಾಳ ಅಂತವಾ?"

"ತಪ್ಪು ನಮ್ಮದು ಅಂತ ಬರಿ" ಎಂದೆ.

"ನಮ್ಮದಾ?"

"ನನ್ನದು."

ಅವಳು 'ನಮ್ಮದು' ಎಂದೇ ಬರೆದಳು. ಮುಂದಿನ ಹಲಸಿಗೆ ಬೇರೆ ಹಪ್ಪಳ ಕಳಿಸುತ್ತೇವೆ ಎಂದೂ ಸೇರಿಸಿದಳು.

ಈ ವರ್ಷ ಮತ್ತೆ ಹಪ್ಪಳ ಮಾಡಿದ್ದೇವೆ. ನಾನೇ ತುಂಬಿಸುತ್ತೇನೆ, ಆದರೆ ಅವಳು ಬರುವವರೆಗೆ ಟೇಪು ಹಚ್ಚುವುದಿಲ್ಲ. ಬಸ್ಸಿಳಿದು ಬಂದವಳು ಕೈಕಾಲು ತೊಳೆದು, ಪ್ರತಿ ಪೆಟ್ಟಿಗೆಯನ್ನೂ ತೆರೆದು ಎಣಿಸುತ್ತಾಳೆ. ಅವಳ ಬೆರಳು ಓಡುವಾಗ ನಾನೂ ಮನಸ್ಸಿನಲ್ಲೇ ಎಣಿಸುತ್ತೇನೆ. ಸಾಕು ಬಿಡು ಎಂದು ನಾನು ಇದುವರೆಗೆ ಹೇಳಿಲ್ಲ. ಹೇಳುವ ಹಕ್ಕು ಸದ್ಯಕ್ಕೆ ನನಗಿಲ್ಲ.