ತಿಳಿನೀರು ಕುಡಿದ ಟ್ರ್ಯಾಕ್ಟರು

ಸಿರಾಜುದ್ದೀನ ಮಿಸ್ತ್ರಿಯನ್ನು ತಕ್ಕಡಿಗೆ ಹಾಕಿದ್ದರೆ ಅರ್ಧ ಚೀಲ ತೊಗರಿಗೆ ಸಮ ತೂಗುತ್ತಿದ್ದ. ಅದರಲ್ಲೂ ಅಂಗಿಗೆ ಮೆತ್ತಿದ ಗ್ರೀಸಿನ ತೂಕ ಕಳೆಯಬೇಕು. ಕಣ್ಣು ಸದಾ ಅರ್ಧ ಮುಚ್ಚಿರುತ್ತಿದ್ದವು. ಮಾಲು ಪರೀಕ್ಷಿಸುವವರು ಯಾರೇ ನೋಡಿದರೂ ಇದು ನಿದ್ದೆಗಣ್ಣಿನ ಸರಕು, ಎರಡನೇ ದರ್ಜೆ ಎಂದು ಬದಿಗಿಡುವಂತಿದ್ದ. ಅಂಗೈ ಮಾತ್ರ ಎಳೆಗೂಸಿನದರ ಹಾಗೆ ಮೆತ್ತಗೆ. ವಾಡಿ ಜಂಕ್ಷನ್ನಿನ ಶೆಡ್ಡಿನಲ್ಲಿ ಹದಿನಾರು ವರ್ಷ ಉಗಿಬಂಡಿಗಳ ಬಾಯ್ಲರ್ ತೊಳೆದವನಿಗೆ ಅಂಥ ಅಂಗೈ ಹೇಗೆ ಉಳಿಯಿತೋ, ಯಾರೂ ಕೇಳಿರಲಿಲ್ಲ.

ಸೇಡಂನ ತೊಗರಿ ವ್ಯಾಪಾರಿ ಸೂಗಪ್ಪ ಅವನನ್ನು ಆರಿಸಿದ್ದು ಆ ನಿದ್ದೆಗಣ್ಣು ನೋಡಿಯೇ. ಹೇಳಿದ್ದಕ್ಕೆ ಹೂಂ ಅನ್ನುವ ಆಸಾಮಿಯಂತೆ ಕಂಡಿದ್ದ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮುಂಗಾರಿನ ಮಾತು. ಮಳಖೇಡದ ಹೊರಗೆ ಹೊಲವಿದ್ದ ರತ್ನಾಬಾಯಿ ಎರಡು ವರ್ಷದ ಹಿಂದೆ ಎತ್ತಿನ ಜೋಡಿ ಮಾರಿ ಒಂದು ಪುಟ್ಟ ಟ್ರ್ಯಾಕ್ಟರು ತಂದಿದ್ದಳು. ಎತ್ತರದಲ್ಲಿ ಅದು ಒಂದು ಒಳ್ಳೆಯ ಹೋರಿಗಿಂತ ಗಿಡ್ಡ. ಯುಗಾದಿಯಿಂದ ಈಚೆಗೆ ಅದಕ್ಕೆ ಕುದಿರೋಗ ಹತ್ತಿತ್ತು: ನಾಲ್ಕು ಸಾಲು ಉತ್ತರೆ ಸಾಕು, ನೆತ್ತಿಯಿಂದ ಬುಸಬುಸ ಹಬೆ. ಯಾರೋ ಮೆಕ್ಯಾನಿಕ್ ಇಂಜಿನ್ನಿನ ತಲೆಯೇ ಸೀಳಿದೆ ಎಂದು ಹೇಳಿ ಹೋಗಿದ್ದ. ಬಿತ್ತನೆಗೆ ಇನ್ನು ಎಂಟೇ ದಿನ ಇತ್ತು. ಮನೆಯಲ್ಲಿ ಎತ್ತಿಲ್ಲ. ಈಗ ಟ್ರ್ಯಾಕ್ಟರೂ ಹೋದರೆ ಹೊಲ ಬೇರೆಯವರ ಪಾಲಿಗೆ ಕೊಡುವುದೊಂದೇ ದಾರಿ. ಆ ಟ್ರ್ಯಾಕ್ಟರನ್ನು ಗುಜರಿಯ ಬೆಲೆಗೆ ಕೊಳ್ಳುತ್ತೇನೆಂದು ಸೂಗಪ್ಪ ಹೇಳಿ ಕಳಿಸಿದ್ದ.

"ನೀ ಭಾಳ ಮಾತಾಡಬ್ಯಾಡ," ಎಂದು ಮಳಖೇಡದ ದಾರಿಯಲ್ಲಿ ಸೂಗಪ್ಪ ಸಿರಾಜುದ್ದೀನನಿಗೆ ಕಿವಿಮಾತು ಹೇಳಿದ. "ನೋಡು, ಇಂಜಿನ್ ಹೋಗ್ಯದ ಅನ್ನು. ಮುಗೀತು."

"ನೋಡಿದ ಮ್ಯಾಲ ಕಂಡಿದ್ದು ಅಂತೀನಿ, ಸಾವ್ಕಾರ್ರೆ."

ಇದನ್ನು ಸೂಗಪ್ಪ ಒಪ್ಪಿಗೆ ಎಂದು ತಿಳಿದ. ವ್ಯಾಪಾರದಲ್ಲಿ ಅಷ್ಟು ದೊಡ್ಡ ತಪ್ಪು ಅವನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಅವರು ಹೋದಾಗ ರತ್ನಾಬಾಯಿ ಹಿತ್ತಾಳೆ ಕೊಡದಿಂದ ಟ್ರ್ಯಾಕ್ಟರಿನ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದಳು. ಕೆಳಗೆ ನಿನ್ನೆಯ ನೀರು ಹರಿದು ಅಂಗಳದ ಹಾಸುಗಲ್ಲಿನ ಮೇಲೆ ಬೆಳ್ಳಗೆ ಒಣಗುತ್ತಿತ್ತು.

"ಬರ್ರಿ, ಕುಂದ್ರಿ," ಎಂದಳು. "ಒಯ್ಯೋರು ಬಂದೀರಂತ ಇದಕ್ಕ ನೀರು ಕುಡಿಸದ ಬಿಡಲಿಕ್ಕಾಗ್ತದ?"

ಸಿರಾಜುದ್ದೀನ ಕೂರಲಿಲ್ಲ. ಫ್ಯಾನಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದ, ಬಿಗಿ ಇತ್ತು. ರೇಡಿಯೇಟರಿನ ಎದುರಿನ ಜಾಲರಿಯಲ್ಲಿ ತೊಗರಿ ಹೊಟ್ಟು ಸಿಕ್ಕಿದೆಯೇ ಎಂದು ಊದಿ ನೋಡಿದ, ಇಲ್ಲ. ಎಣ್ಣೆಯ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡ. ಇಂಜಿನ್ನಿನ ತಲೆ ಸೀಳಿದ್ದರೆ ಒಳಗೆ ನೀರು ಬೆರೆತು ಎಣ್ಣೆ ಮಜ್ಜಿಗೆಯ ಬಣ್ಣ ತಿರುಗಬೇಕಿತ್ತು. ಎಣ್ಣೆ ಕಪ್ಪಗೆ, ಶುದ್ಧವಾಗಿತ್ತು. ಆಮೇಲೆ ಇಂಜಿನ್ ಚಾಲೂ ಮಾಡಿ, ಮುಚ್ಚಳ ತೆಗೆದ ಬಾಯಿಯೊಳಗೆ ಇಣುಕಿದ. ತಲೆ ಸೀಳಿದ್ದರೆ ಏಳಬೇಕಿದ್ದ ಗುಳ್ಳೆ ಏಳಲಿಲ್ಲ. ಮುಚ್ಚಳ ಹಾಕಿ ಕಾಯುತ್ತ ನಿಂತ.

ಬಿಸಿಯೇರಲು ಹೊತ್ತು ಹಿಡಿಯಿತು. ಕಾಗಿಣಾ ಹೊಳೆಯ ಕಡೆಯಿಂದ ಮೋಡದ ನೆರಳೊಂದು ಮೆಲ್ಲಗೆ ಹೊಲ ದಾಟಿ ಬಂದು ಅಂಗಳದ ಮೇಲೆ ಮಲಗಿತು. ಇಂಜಿನ್ನಿನ ಡಗಡಗ ಕೇಳುತ್ತ ಕೇಳುತ್ತ ಸಿರಾಜುದ್ದೀನನ ಕಣ್ಣು ಪೂರಾ ಮುಚ್ಚಿದವು.

"ನಿಮ್ಮ ಮಿಸ್ತ್ರಿ ನಿದ್ದಿ ಮಾಡಲಿಕತ್ತಾನೇನ್ರಿ?" ಎಂದಳು ರತ್ನಾಬಾಯಿ.

"ಪಗಾರ ಕೊಡೋದು ಅದಕ್ಕ," ಎಂದ ಸೂಗಪ್ಪ.

ಸಿರಾಜುದ್ದೀನ ಆಗ, ಮುಂದೆ ಅವನೇ ಹೇಳಿಕೊಂಡಂತೆ, ಮನಸ್ಸಿನಲ್ಲಿ ವಾಡಿಯ ಶೆಡ್ಡಿನಲ್ಲಿದ್ದ. ತಣಿದ ಬಾಯ್ಲರಿನ ಹೊಟ್ಟೆಯೊಳಗೆ ತೆವಳಿಕೊಂಡು ಹೋಗಿದ್ದ. ತೂತಿನಿಂದ ಬಿದ್ದ ಒಂದು ಕೋಲು ಬೆಳಕಿನಲ್ಲಿ ಸುತ್ತಲ ಗೋಡೆ ಹುಣ್ಣಿಮೆಯಂತೆ ಬಿಳುಪು. ಕೊಳವೆಗಳ ಮೈಗೆಲ್ಲ ಬಿಳಿ ಹಕ್ಕಳೆ, ಹಕ್ಕಳೆಯ ಮೇಲೆ ಹಕ್ಕಳೆ. ಈ ಸೀಮೆಯ ನೀರು ಕುಡಿದ ಯಾವ ಇಂಜಿನ್ನೂ ಅದರಿಂದ ಪಾರಾದದ್ದಿಲ್ಲ. ಅಲ್ಲಿ ಎಲ್ಲ ಸದ್ದೂ ದೂರ. ತನ್ನ ಉಸಿರು ಮಾತ್ರ ತಿರುಗಿ ಬಂದು ಮುಖಕ್ಕೆ ತಾಗುತ್ತಿತ್ತು.

ಬುಸ್ಸೆಂದು ಹಬೆ ಎದ್ದಾಗ ಅವನು ಕಣ್ಣು ತೆರೆದು ಇಂಜಿನ್ ನಿಲ್ಲಿಸಿದ. ರೇಡಿಯೇಟರಿನ ಎದೆಯ ಮೇಲೆ ಅಂಗೈಯನ್ನು ಮುಟ್ಟಿಯೂ ಮುಟ್ಟದಂತೆ ಆಡಿಸುತ್ತ ಹೋದ. ಒಂದು ಕಡೆ ಸುಡುವ ಬಿಸಿ. ನಾಲ್ಕು ಬೆರಳು ಆಚೆ ತಣ್ಣಗೆ. ಮತ್ತೆ ಬಿಸಿ. ಮತ್ತೆ ಅಗಲವಾದ ತಣ್ಣನೆ ಪಟ್ಟಿ. ಬಿಸಿನೀರು ಹರಿಯದ ಕಡೆ ಬಿಸಿ ಎಲ್ಲಿಂದ ಬರಬೇಕು?

"ಅಕ್ಕೋರೆ, ನೀರು ಎಲ್ಲಿದು?"

"ಖಣೀದು," ಎಂದಳು ಅವಳು ಹೆಮ್ಮೆಯಿಂದ. ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದ ಹಳೆಯ ಗುಂಡಿಯ ನೀರದು. "ತಳ ಕಾಣ್ತದ, ಅಷ್ಟು ತಿಳಿ. ಬಟ್ಟೀಲೆ ಸೋಸಿ ಹಾಕ್ತೀನಿ."

"ದಿನಾ ಬದಲಿ ಮಾಡ್ತೀರಿ?"

"ಮತ್ತ? ನಿನ್ನಿ ನೀರು ಎತ್ತಿಗೆ ಇಡ್ತಿದ್ದಿಲ್ಲ, ಇದಕ್ಕ್ಯಾಕ ಇಡಲಿ?"

ಸೂಗಪ್ಪ ಕೆಮ್ಮಿದ. "ಮಿಸ್ತ್ರಿ, ಇಂಜಿನ್ ಹೋಗ್ಯದ ಹೌದಲ್ಲೊ?"

ಸಿರಾಜುದ್ದೀನ ರೇಡಿಯೇಟರಿನ ಮುಚ್ಚಳದ ಒಳಮೈಯನ್ನು ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು. ಅದನ್ನು ರತ್ನಾಬಾಯಿಯ ಅಂಗೈಗೆ ಹಾಕಿದ.

"ನಿಮ್ಮ ಚಾದ ಕಿಟ್ಲಿ ತಳದಾಗ ಇದೇ ಕೂಡ್ತದಲ್ಲ? ಇಂಜಿನ್ ಗಟ್ಟಿ ಅದ. ಖಣಿ ನೀರಿನಾಗ ಸುಣ್ಣ ಅದ, ಕಣ್ಣಿಗೆ ಕಾಣಂಗಿಲ್ಲ. ಹಳೇ ನೀರು ಇದ್ದಿದ್ದರ ಇದ್ದಷ್ಟೇ ಸುಣ್ಣ ಕೂತು ಸುಮ್ನಾಗ್ತಿತ್ತು. ನೀವು ದಿನಾ ಹೊಸ ಸುಣ್ಣ ಕುಡಿಸೀರಿ. ರೇಡಿಯೇಟರಿನ ನರ ಕಟ್ಟ್ಯಾವ."

ರತ್ನಾಬಾಯಿ ಅಂಗೈಯ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. "ಮಮತಿ ಮಾಡಿ ಮಾಡಿ ಕೊಂದಂಗಾತಲ್ಲ," ಎಂದಳು.

"ಸತ್ತಿಲ್ಲ. ಹುಣಸಿಹಣ್ಣು ಅದ ಏನು ಮನ್ಯಾಗ?"

ಹುಣಸೆಹಣ್ಣು ಕುದಿಸಿ, ನಾರು ಉಳಿಯದಂತೆ ಸೋಸಿ ಒಳಗೆ ಹೊಯ್ದರು. ಅರ್ಧ ತಾಸು ಇಂಜಿನ್ ಮೆಲ್ಲಗೆ ಓಡಿಸಿ ಬಿರಡೆ ಬಿಚ್ಚಿದರೆ ಒಡೆದ ಹಾಲಿನಂಥ ನೀರು ಇಳಿಯಿತು. ಮೂರು ಸಲ ಹಾಗೆ ಮಾಡಿ, ಹುಳಿ ಉಳಿಯದಂತೆ ಮತ್ತೆ ಮತ್ತೆ ತೊಳೆದರು. ಕೊನೆಗೆ ಅವನು ಬೊಟ್ಟು ಮಾಡಿದ್ದು ತಗಡಿನ ಮಾಡಿನಿಂದ ಡ್ರಮ್ಮಿಗೆ ಬಿದ್ದ ಮಳೆನೀರಿಗೆ.

"ಅಯ್ಯ, ಅದು ಎಮ್ಮಿ ಮೈ ತೊಳಿಯೋ ನೀರು. ಮಬ್ಬಗದ."

"ಧೂಳು ಸೋಸಿದರ ಹೋಗ್ತದ, ಸುಣ್ಣ ಸೋಸಿದರ ಹೋಗಂಗಿಲ್ಲ. ಒಮ್ಮಿ ಹಾಕ್ರಿ, ಬದಲಿ ಮಾಡಬ್ಯಾಡ್ರಿ. ಕಡಿಮಿ ಬಿದ್ದಷ್ಟು ಇದನ್ನೇ ಹಾಕ್ರಿ."

ಸಂಜೆಯ ತನಕ ರತ್ನಾಬಾಯಿ ತಾನೇ ಕೂತು ಉತ್ತಳು. ನಾಲ್ಕು ಸಾಲು ಹೋಗಿ ನಲವತ್ತಾದವು. ಹಬೆ ಏಳಲಿಲ್ಲ. ಕಪ್ಪು ಮಣ್ಣಿನಲ್ಲಿ ಆ ಪುಟ್ಟ ಟ್ರ್ಯಾಕ್ಟರು ಕನಸಿನೊಳಗಿನ ಹೋರಿಯಂತೆ ದೂರ ಹೋಗಿ, ತಿರುಗಿ ಬರುತ್ತಿತ್ತು. ಬದುವಿನ ಮೇಲೆ ಸಿರಾಜುದ್ದೀನ ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತ ಕೂತಿದ್ದ. ಪಕ್ಕದಲ್ಲಿ ಕೂತ ಸೂಗಪ್ಪನಿಗೆ ಬಯ್ಯಲು ಒಳ್ಳೆಯ ಮಾತುಗಳೇ ಬಾಯಿಗೆ ಬಂದಿದ್ದವು, ಆದರೆ ಅಂಥ ಮುಖದೆದುರು ಆಡಲಾಗಲಿಲ್ಲ.

ಹೊರಡುವಾಗ ರತ್ನಾಬಾಯಿ ಇಬ್ಬರಿಗೂ ಚಹಾ ಕೊಟ್ಟು, "ಇಂಥ ಶಾಣ್ಯಾ ಮಿಸ್ತ್ರಿನ್ನ ನನಗಂತ ಹುಡುಕಿ ತಂದೀರಿ, ಅಣ್ಣೋರೆ," ಎಂದಳು.

ಸಿರಾಜುದ್ದೀನ ಬಸಿಗೆ ಸುರಿದ ಚಹಾ ಊದುತ್ತ, "ಹೌದ್ರಿ, ಭಾಳ ಹುಡುಕ್ಯಾರ," ಎಂದ. ದಾರಿಯಲ್ಲಿ ಸೂಗಪ್ಪ ಹೇಳಿಕೊಟ್ಟ ಮಾತನ್ನು ಅವತ್ತೂ ಹೇಳಲಿಲ್ಲ, ಆಮೇಲೆ ಬದುಕಿದ ಒಂಬತ್ತು ವರ್ಷ ಯಾರಿಗೂ ಹೇಳಲಿಲ್ಲ.

ಆ ಸೂಗಪ್ಪ ನಾನೇ. ರತ್ನಾಬಾಯಿ ಇಂದಿಗೂ ನನ್ನನ್ನು ಅಣ್ಣ ಎನ್ನುತ್ತಾಳೆ. ಆ ಹೆಸರು ನನಗೆ ಸಿರಾಜುದ್ದೀನ ಮಿಸ್ತ್ರಿ ಕೊಟ್ಟದ್ದು.