ಒಗ್ಗರಣೆ ನಿಂತ ಚಳಿಗಾಲ

ಯಲಹಂಕದ ನಮ್ಮ ಬೀದಿಯಲ್ಲಿ ಆ ಕಾಲಕ್ಕೆ ಯಾರಿಗೆ ಕಾಯಿಲೆ ಬಂದರೂ ಮದ್ದು ಒಬ್ಬರಿಗೆ, ಪಥ್ಯ ಮನೆಮಂದಿಗೆಲ್ಲ. ನನ್ನಕ್ಕ ಸರೋಜಳಿಗೆ ಕಾಮಾಲೆಯಾದ ವರ್ಷ ಪಥ್ಯ ಬೀದಿಗೇ ಹಬ್ಬಿತು.

ಅವರೆಕಾಯಿಯ ಕಾಲ ಅದು. ಬೆಳಕು ಹರಿಯುವ ಮುನ್ನವೇ ಅಜ್ಜಿ ನನ್ನನ್ನು ಎಬ್ಬಿಸಿ ಕೆರೆ ಕೆಳಗಿನ ಗದ್ದೆಯ ಬದುವಿಗೆ ಕರೆದೊಯ್ಯುತ್ತಿದ್ದಳು. ರಾತ್ರಿ ಮಡಚಿಕೊಂಡ ಎಲೆ ಬಿಚ್ಚುವುದರೊಳಗೆ ನೆಲನೆಲ್ಲಿಯನ್ನು ಬೇರುಸಹಿತ ಕೀಳಬೇಕು. ಕೀಳುವ ಮೊದಲು ಗಿಡಕ್ಕೆ ಕೈಮುಗಿಯಬೇಕು. ಅದನ್ನು ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಅಕ್ಕನಿಗೆ ಖಾಲಿ ಹೊಟ್ಟೆಯಲ್ಲಿ ಕುಡಿಸುವುದು. ಆಮೇಲೆ ಉಪ್ಪಿಲ್ಲದ ಗಂಜಿ. ಎಣ್ಣೆ, ಹುಳಿ, ಖಾರ ನಮಗಾರಿಗೂ ಇಲ್ಲ. ವಾಸನೆ ಮೂಗಿಗೆ ಬಿದ್ದರೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದ ಹೊಟ್ಟೆಗೆ ಮದ್ದು ಹತ್ತುವುದಿಲ್ಲ ಎಂದು ಅಜ್ಜಿ ನಂಬಿದ್ದಳು.

ಒಂದು ಮಧ್ಯಾಹ್ನ ಪಕ್ಕದ ಮನೆ ಮುನಿಯಮ್ಮನ ಒಲೆಯಿಂದ ಅವರೆಕಾಯಿ ಸಾರಿನ ಘಮ ಗೋಡೆ ಹತ್ತಿ ಬಂತು. ಅಕ್ಕ ಎದ್ದು ಕೂತಳು. ಅವಳ ಕಣ್ಣು ಅರಿಶಿನದ ಹಾಗಿತ್ತು.

"ಅಜ್ಜಿ, ಒಂದೇ ಒಂದ್ ತುತ್ತು."

"ವಾಸಿಯಾಗ್ಲಿ ಕಣವ್ವ, ಮಡಕೆ ತುಂಬ ಮಾಡಿಕ್ತೀನಿ."

"ಅಷ್ಟೊತ್ಗೆ ಕಾಯೇ ಮುಗ್ದೋಗಿರ್ತದೆ."

"ಬೀಜಕ್ಕೆ ಬಿಟ್ಟಿರೋದ್ನೂ ಕಿತ್ಕಂಡ್ ಬತ್ತೀನಿ. ಮಲಿಕ್ಕೊ."

ಮುನಿಯಮ್ಮ ಇದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು. "ಸರೋಜಾ, ಇವತ್ತಿಂದ ನಮ್ಮನೇಲೂ ಒಗ್ಗರಣೆ ಇಲ್ಲ ಕಣೇ! ನಮ್ಮೆಜಮಾನ್ರು ಬೇಕಾದ್ರೆ ಮುದ್ದೆಗೆ ನನ್ ಬೈಗುಳ ನೆಂಚ್ಕಳ್ಳಿ!" ಎಂದು ಕೂಗಿದಳು. ಅಕ್ಕ ನಕ್ಕಳು. ನಾನು ಕೇಳಿದ ಅವಳ ಕೊನೆಯ ನಗು ಅದೇ.

ಮರುದಿನದಿಂದ ಎದುರು ಮನೆಯಲ್ಲೂ ಸಾಸಿವೆ ಸಿಡಿಯಲಿಲ್ಲ, ಮೂಲೆಮನೆಯಲ್ಲೂ ಸಿಡಿಯಲಿಲ್ಲ. ಬೀದಿಯಲ್ಲಿ ಬರೀ ಸೌದೆ ಹೊಗೆಯ ವಾಸನೆ.

ಸಂಕ್ರಾಂತಿಗೆ ಮೊದಲೇ ಅಕ್ಕ ಹೋದಳು.

ತೀರಿಹೋದವರಿಗೆ ಇಷ್ಟವಾಗಿದ್ದನ್ನು ಮೂರನೇ ದಿನ ಹಾಲುತುಪ್ಪ ಬಿಡುವಾಗ ಸಮಾಧಿಗೆ ಎಡೆಯಿಡುವುದು ನಮ್ಮ ಪದ್ಧತಿ. ಆ ಬೆಳಗ್ಗೆ ಅಜ್ಜಿ ಬೀಜಕ್ಕೆ ಬಿಟ್ಟಿದ್ದ ಅವರೆಯನ್ನೆಲ್ಲ ಕಿತ್ತು ತಂದು ಮಡಕೆ ತುಂಬ ಸಾರು ಮಾಡಿದಳು. ಅಷ್ಟು ದಿನಗಳ ಮೇಲೆ ಬೀದಿಯಲ್ಲಿ ಒಗ್ಗರಣೆ ಘಮಘಮಿಸಿತು. ಹೆಂಗಸರೆಲ್ಲ ಬಾಗಿಲಿಗೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು.

ಆ ಗದ್ದೆಗಳ ಮೇಲೆ ಈಗ ಬಡಾವಣೆ ಎದ್ದಿದೆ. ನೆಲನೆಲ್ಲಿ ಮಾತ್ರ ನನ್ನ ಹೂಕುಂಡಗಳಲ್ಲಿ ತಾನಾಗಿಯೇ ಹುಟ್ಟುತ್ತದೆ. ಕಳೆದ ಚಳಿಗಾಲ ನಾನು ಜ್ವರ ಬಂದು ಗಂಜಿ ಕುಡಿದು ಮಲಗಿದ್ದಾಗ ಪಕ್ಕದ ಮನೆಯ ಕಿಟಕಿಯಿಂದ ಅವರೆಕಾಯಿ ಸಾರಿನ ಘಮ ಬಂತು. ಎದ್ದು ಕೂತೆ. ಗೋಡೆಯಾಚೆ ಯಾರಿದ್ದಾರೋ, ಅವರ ಹೆಸರೂ ನನಗೆ ಗೊತ್ತಿಲ್ಲ.