ಅಣ್ಣನ ರಕ್ತಪರೀಕ್ಷೆ

ಸೋಸಲೆಯ ನಮ್ಮ ಕಬ್ಬಿನ ಗದ್ದೆಯಲ್ಲಿ ಅಣ್ಣ ಪಕ್ಕದ ಜಮೀನಿನವನ ಮೇಲೆ ಮಚ್ಚು ಬೀಸಿದ. ಅದಕ್ಕೂ ಎಷ್ಟೋ ಮೊದಲಿನಿಂದ ಅವನ ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರು. ಏಟು ತಿಂದವನು ಬದುಕಿದ. ಕೋರ್ಟು ಅಣ್ಣನನ್ನು ಮಾನಸಿಕ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿಗೆ ಕಳಿಸಿತು. ನಂಜನಗೂಡಿನಲ್ಲಿ ಟೀಚರಾಗಿದ್ದ ನಾನು ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಬಸ್ಸು ಹತ್ತಿ ಅವನನ್ನು ನೋಡಲು ಹೋಗುತ್ತಿದ್ದೆ.

ಯಾವ ಮಾತ್ರೆಯೂ ನಾಟದೆ, ಕೊನೆಗೆ ಒಂದು ಹೊಸ ಮಾತ್ರೆ ಶುರುಮಾಡಿದರು. ಅದು ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ಇಳಿಸಿಬಿಡುತ್ತದೆ, ಆಗ ಸಣ್ಣ ಸೋಂಕೂ ಜೀವ ತೆಗೆಯಬಹುದು, ಅದಕ್ಕೇ ವಾರವಾರ ರಕ್ತಪರೀಕ್ಷೆ ತಪ್ಪಿಸಬಾರದು ಎಂದು ಆಗಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದ್ದರು. ಅಣ್ಣ ನಿಧಾನಕ್ಕೆ ಮೊದಲಿನಂತಾದ. ಅವ್ವನ ಮಂಡಿನೋವು ಹೇಗಿದೆ ಎಂದು ಕೇಳಿದ. ಅಷ್ಟರಲ್ಲಿ ಆ ಡಾಕ್ಟರಿಗೆ ವರ್ಗವಾಗಿ ಇನ್ನೊಬ್ಬ ಬಂದ.

ಒಂದು ಶನಿವಾರ ಅಣ್ಣ ಮಂಕಾಗಿ ಕೂತಿದ್ದ. "ಗಂಟ್ಲು ಉರೀತದೆ ಕಣವ್ವ. ಇವ್ರು ರಕ್ತ ತಗಂಡೇ ಸುಮಾರು ದಿನ ಆಯ್ತು" ಎಂದ. ಹಣೆ ಮುಟ್ಟಿದರೆ ಸುಡುತ್ತಿತ್ತು. ನಾನು ಹೊಸ ಡಾಕ್ಟರ ಬಳಿ ಓಡಿದೆ, ಇವತ್ತೇ ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿದೆ. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಹುಚ್ಚರ ಮಾತು ಕಟ್ಕೊಂಡು ನಮಗೆ ಕೆಲಸ ಕಲಿಸೋಕೆ ಬರ್ಬೇಡಿ."

ಮತ್ತೆ ಬಾಯಿ ತೆರೆದಿದ್ದಕ್ಕೆ ಗಾರ್ಡನ್ನು ಕರೆದು ನನ್ನನ್ನು ಗೇಟಿನಾಚೆ ಬಿಡಿಸಿದ.

ಆ ವಾರವೇ ಅಣ್ಣನನ್ನು ಬೇರೆ ಆಸ್ಪತ್ರೆಯ ಐಸಿಯುಗೆ ಹಾಕಿದರು. ಬಿಳಿಕಣಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಅಣ್ಣ ಉಳಿದುಕೊಂಡ, ಆದರೆ ಆ ಮಾತ್ರೆಯನ್ನು ಇನ್ನೆಂದೂ ಕೊಡುವಂತಿಲ್ಲ ಎಂದರು. ಕಿವಿಯೊಳಗಿನ ಮಾತು ಮರಳಿ ಬಂತು. ಐಸಿಯು ಬಾಗಿಲಲ್ಲಿ ಕೂತಿದ್ದಾಗಲೇ ಆ ಡಾಕ್ಟರನ್ನು ಬಿಡಬಾರದೆಂದು ನಿರ್ಧರಿಸಿದ್ದೆ. ದೂರು ಕೊಟ್ಟೆ, ಕೇಸು ಹಾಕಿಸಿದೆ. ಸಾಕು ಬಿಡು ಎಂದ ಗಂಡನ ಜೊತೆ ಮಾತು ಬಿಟ್ಟೆ.

ಆರೋಗ್ಯ ಇಲಾಖೆಯ ವಿಚಾರಣೆಯಲ್ಲಿ ಆ ಡಾಕ್ಟರ್, ರೋಗಿ ಗಲಾಟೆ ಮಾಡುತ್ತಿದ್ದ, ತೋಳು ಮುಟ್ಟಲು ಬಿಡುತ್ತಿರಲಿಲ್ಲ ಎಂದ. ಹಾಗಾದರೆ ರೋಗಿಯನ್ನೇ ಕೇಳಿ ಎಂದು ನಾನು ಪಟ್ಟು ಹಿಡಿದೆ. ಅಣ್ಣನನ್ನು ಕರೆತಂದರು. ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲೆ ಚಾಚಿದ.

"ಸೂಜಿ ಅಂದ್ರೆ ನಂಗೇನು ಭಯ ಇಲ್ಲ ಸಾ. ಕೇಳಿದ್ರೆ ಕೊಡ್ತಿದ್ದೆ. ಯಾರೂ ಕೇಳ್ನಿಲ್ಲ."

ಗಲಾಟೆ ಮಾಡಿದಾಗ ಹಿಡಿದುಕೊಂಡವರು ಯಾರು ಎಂದು ಅಧಿಕಾರಿ ಕೇಳಿದರು. ಡಾಕ್ಟರ್ ಫೈಲಿನ ಹಾಳೆ ತಿರುವಿ, ಹೆಸರು ನೆನಪಿಲ್ಲ ಎಂದ. ಅವನ ಮುಖ ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿದೆ. ಅವನನ್ನು ಸಸ್ಪೆಂಡ್ ಮಾಡಿದರು.

ಆಮೇಲೆ ಒಂದು ಮಧ್ಯಾಹ್ನ ನಂಜನಗೂಡಿನ ಮನೆ ಬಾಗಿಲಿಗೇ ಬಂದ. ಕೇಸು ವಾಪಸು ತೆಗೆದುಕೊಳ್ಳಿ ಅಮ್ಮಾ, ಮಕ್ಕಳಿದ್ದಾರೆ ಎಂದ. ಒಳಗೆ ಕರೆಯಲಿಲ್ಲ, ನೀರು ಕೊಡಲಿಲ್ಲ. ಬಿಸಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿಸಿಕೊಂಡೆ.

"ನಮ್ಮಣ್ಣಂಗೆ ನಾಟಿದ್ದು ಅದೊಂದೇ ಮಾತ್ರೆ. ಅದ್ನ ವಾಪಸ್ ಕೊಡಿ, ನಾನೂ ಕೇಸು ವಾಪಸ್ ತಗತೀನಿ" ಎಂದು ಬಾಗಿಲು ಹಾಕಿಕೊಂಡೆ.

ಇದನ್ನು ಹೇಳಿದಾಗ ಅಣ್ಣ, ಪಾಪ, ನೀರಾದರೂ ಕೊಡಬೇಕಿತ್ತು ಎಂದ. ನನಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ಸಲವೂ ರಜೆ ಹಾಕಿ ಕೋರ್ಟಿಗೆ ಹೋಗಿ, ಆ ಡಾಕ್ಟರ ಕಣ್ಣಿಗೆ ಬೀಳುವ ಜಾಗದಲ್ಲೇ ಕೂರುತ್ತೇನೆ.